ಮುಕ್ಕಾಲು ಸುತ್ತು

ಕಡೂರಿನ ಕೆಳಗಿನ ಬೀದಿಗೆ ಹೊಸ ಲೈನಿನ ನೀರು ಬಂದು ಇನ್ನೂ ಹದಿನೈದು ದಿನವಾಗಿರಲಿಲ್ಲ, ಅಷ್ಟರಲ್ಲಿ ದ್ವಾರಕಾನಾಥರ ಮನೆಯಲ್ಲಿ ಮೂರು ನಲ್ಲಿ ಹಾಳಾಗಿದ್ದವು. ಅಡುಗೆಮನೆಯ ನಲ್ಲಿಯನ್ನು ಸ್ವಲ್ಪ ತಿರುಗಿಸಿದರೂ ನೀರು ಸಿಂಕಿಗೆ ಬಡಿದು ಎದುರು ನಿಂತವರ ಮುಖಕ್ಕೇ ಎರಚುತ್ತಿತ್ತು. ಬೆಳಗಿನ ಪಾತ್ರೆ ತೊಳೆಯಲು ನಿಂತ ಸೊಸೆ ವಿಭಾ ಮತ್ತೊಂದು ಸಲ ಸೀರೆ ಬದಲಾಯಿಸಿಕೊಂಡು ಅಜ್ಜಂಪುರದ ಬಸ್ಸಿಗೆ ಓಡಬೇಕಾಗುತ್ತಿತ್ತು. ಅಲ್ಲಿನ ಅಂಚೆ ಕಚೇರಿಯಲ್ಲಿ ಅವಳಿಗೆ ಕೆಲಸ. ನಲ್ಲಿ ನಿಲ್ಲಿಸಿದ ಕೂಡಲೇ ಗೋಡೆಯೊಳಗಿಂದ ಧಡ್ ಎಂದು ಒದ್ದ ಸದ್ದು ಬರುತ್ತಿತ್ತು. ಪಿಯುಸಿ ಓದುತ್ತಿದ್ದ ಮೊಮ್ಮಗಳು ಅನ್ವಿತಾ ಪುಸ್ತಕದಿಂದ ತಲೆ ಎತ್ತದೆ, "ಒಳಗಿರೋರು ಬಾಗಿಲು ತೆಗೀರಿ ಅಂತಿದ್ದಾರೆ ತಾತ" ಎನ್ನುತ್ತಿದ್ದಳು.

ನಲವತ್ತು ವರ್ಷ ಈ ಬೀದಿ ಕಂಡ ನೀರೇ ಬೇರೆ. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, ಅದೂ ದೀಪದ ಬತ್ತಿಯಷ್ಟು ದಪ್ಪ. ಅದನ್ನು ಹಿಡಿಯಲಿಕ್ಕೆ ಜನ ಮನೆ ಮುಂದೆ ಮೊಣಕಾಲುದ್ದ ಗುಂಡಿ ತೋಡಿ, ನಲ್ಲಿಯನ್ನು ನೆಲದ ಕೆಳಗೆ ಇಳಿಸಿ, ಕುಕ್ಕರುಗಾಲಲ್ಲಿ ಕೂತು ಕೊಡ ತುಂಬುತ್ತಿದ್ದರು. ಈಗ ಊರ ಮೇಲಿನ ದಿಣ್ಣೆಯಲ್ಲಿ ದೊಡ್ಡ ಟ್ಯಾಂಕು ಎದ್ದಿದೆ. ಈ ಬೀದಿಯೋ ಊರಿಗೆಲ್ಲ ತಗ್ಗು. ಹಿಂದೆ ಅಂಗಲಾಚಿದರೂ ಬಾರದಿದ್ದ ನೀರು ಈಗ ಇಪ್ಪತ್ತನಾಲ್ಕು ಗಂಟೆಯೂ ಬೇಡ ಬೇಡವೆಂದರೂ ನುಗ್ಗುತ್ತಿತ್ತು.

ಬೇರೆ ಮನೆಯಾಗಿದ್ದರೆ ಪ್ಲಂಬರನ್ನು ಕರೆಸಿ ಕೈತೊಳೆದುಕೊಳ್ಳುತ್ತಿದ್ದರು. ಆದರೆ ದ್ವಾರಕಾನಾಥರು ಮೂವತ್ತೊಂದು ವರ್ಷ ಇದೇ ಊರಿಗೆ ನೀರು ಬಿಟ್ಟ ವಾಲ್ವ್‌ಮನ್. ಯಾವ ಬೀದಿಗೆ ಯಾವಾಗ ನೀರು ಎನ್ನುವುದು ಅವರ ಸೈಕಲ್ಲಿಗೆ ಕಟ್ಟಿದ್ದ ಉದ್ದನೆಯ ಕಬ್ಬಿಣದ ಕೀಲಿಯ ಕೈಯಲ್ಲಿತ್ತು. ಮದುವೆ ಮನೆಯವರು ಮೊದಲ ಲಗ್ನಪತ್ರಿಕೆ ದೇವರ ಮುಂದಿಟ್ಟು ಎರಡನೆಯದನ್ನು ಇವರ ಕೈಗೆ ಕೊಡುತ್ತಿದ್ದರು. ಕೀಲಿಯ ಒಂದು ತುದಿಯನ್ನು ಪೈಪಿಗಿಟ್ಟು ಇನ್ನೊಂದಕ್ಕೆ ಕಿವಿ ಆನಿಸಿ, "ಇನ್ನು ಹತ್ತು ನಿಮಿಷಕ್ಕೆ ಬರುತ್ತೆ, ಕೊಡ ತೊಳ್ಕೊಳ್ಳಿ" ಎಂದರೆ ಹತ್ತೇ ನಿಮಿಷಕ್ಕೆ ಬರುತ್ತಿತ್ತು. ನಿವೃತ್ತರಾಗಿ ಹದಿನಾಲ್ಕು ವರ್ಷ ಕಳೆದರೂ ಬೀದಿಯವರ ಬಾಯಲ್ಲಿ ಅವರು ನೀರಿನ ದ್ವಾರಕಣ್ಣನೇ. ಯಾರೂ ಈಗ ಅವರನ್ನು ಯಾವ ಕೆಲಸಕ್ಕೂ ಕರೆಯುತ್ತಿರಲಿಲ್ಲ, ಅಷ್ಟೆ.

ಒಂದು ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತ ವಿಭಾ ಮೆಲ್ಲಗೆ ಮಾತು ತೆಗೆದಳು. "ಮಾವ, ತರೀಕೆರೆಲಿ ನಮ್ಮ ಚಿಕ್ಕಮ್ಮನ ಮನೇಲೂ ಹಿಂಗೇ ಆಗಿತ್ತಂತೆ. ಭೈರೇಶ್ ಅಂತ ಪ್ಲಂಬರ್, ಪ್ರೆಶರ್ ಕಮ್ಮಿ ಮಾಡೋ ವಾಲ್ವ್ ಒಂದು ಕೂರ್ಸಿದ್ನಂತೆ. ಫೋನ್ ಮಾಡ್ಲಾ?"

"ಪ್ಲಂಬರ್ರಾ? ಈ ಮನೆಗಾ?" ದ್ವಾರಕಾನಾಥರು ತಟ್ಟೆಯಿಂದ ಕೈ ತೆಗೆದರು. "ಊರಿಗೆಲ್ಲ ನೀರು ಬಿಟ್ಟೋನು ತನ್ನ ಮನೆ ನಲ್ಲಿ ತಿರುಗಿಸೋಕೆ ತರೀಕೆರೆಯಿಂದ ಆಳು ಕರೆಸ್ದ ಅಂತ ಆ ಆಟೋ ಕಲ್ಲೇಶಪ್ಪ ಬೀದಿ ತುಂಬ ಹೇಳ್ಕೊಂಡು ಬರ್ಲಿ ಅಂತಲಾ?"

"ಹಂಗಲ್ಲ ಮಾವ..."

"ರೀ, ನೀವಾದ್ರೂ ಹೇಳಿ" ಎಂದು ವಿಭಾ ಗಂಡನ ಕಡೆ ತಿರುಗಿದಳು. ಬಸ್ ಸ್ಟ್ಯಾಂಡಿನ ಪಕ್ಕ ಕನ್ನಡಕದ ಅಂಗಡಿ ಇಟ್ಟಿದ್ದ ಪ್ರದ್ಯುಮ್ನನಿಗೆ ಗಿರಾಕಿಗಳ ಕಣ್ಣಿನ ನಂಬರು ಹೇಳುವಷ್ಟು ಸಲೀಸಾಗಿ ಮನೆಯಲ್ಲಿ ಮಾತು ಬರುತ್ತಿರಲಿಲ್ಲ. "ಅಪ್ಪ ನೋಡ್ಕೋತಾರೆ ಬಿಡು" ಎಂದು ಎದ್ದು ಕೈತೊಳೆದ. ತೊಳೆದು ಅಂಗಿಯನ್ನೂ ಒದ್ದೆ ಮಾಡಿಕೊಂಡ.

ದ್ವಾರಕಾನಾಥರು ನೋಡಿಕೊಂಡರು. ಗೇಟಿನ ಹತ್ತಿರ, ಮೀಟರಿನ ಪಕ್ಕದಲ್ಲಿ ಮನೆಯ ವಾಲ್ವ್ ಇತ್ತು. ಅದನ್ನು ಪೂರ್ತಿ ಮುಚ್ಚಿ, ಕಣ್ಣು ಮುಚ್ಚಿಕೊಂಡು ಕೈಯಲ್ಲೇ ಅಳೆದು ಮುಕ್ಕಾಲು ಸುತ್ತು ಬಿಟ್ಟರು. ಒಳಗೆ ಬಂದು ಅಡುಗೆಮನೆಯ ನಲ್ಲಿ ತಿರುಗಿಸಿದರೆ ನೀರು ತಣ್ಣಗೆ ಇಳಿಯಿತು. "ನೋಡಮ್ಮ. ಒಂದು ರೂಪಾಯಿ ಖರ್ಚಿಲ್ಲ" ಎಂದರು. ಅವರ ಹೆಂಡತಿ ಸರೋಜಮ್ಮ ಒಲೆಯ ಮುಂದಿನಿಂದಲೇ, "ಮುಖದಲ್ಲಿ ಆ ಗೆಲುವು ನೋಡಿ, ಆಣೆಕಟ್ಟು ಕಟ್ಟಿದೋರ ಹಂಗೆ" ಎಂದರು. ಹಾಗೆಂದರೂ ಅವರಿಗೆ ಒಳಗೊಳಗೇ ಸಂತೋಷವಾಗಿತ್ತು.

ಸಂತೋಷ ಎರಡು ದಿನ ಬಾಳಿತು. ಮುಕ್ಕಾಲು ಸುತ್ತಿನಲ್ಲಿ ಸ್ನಾನದ ಬಕೆಟ್ಟು ತುಂಬಲು ಹತ್ತು ನಿಮಿಷ ಬೇಕಾಗುತ್ತಿತ್ತು. ಐವರು ಸ್ನಾನ ಮಾಡುವ ಮನೆ, ಎಂಟು ಹತ್ತರ ಬಸ್ಸು. ವಿಭಾ ಬೆಳಿಗ್ಗೆ ಎದ್ದವಳೇ ಹೊರಗೆ ಹೋಗಿ ವಾಲ್ವನ್ನು ಎರಡು ಸುತ್ತು ಮಾಡುವಳು, ಮಾವ ವಾಕಿಂಗ್ ಮುಗಿಸಿ ಬಂದು ಮುಕ್ಕಾಲಿಗೆ ಇಳಿಸುವರು. ಮಧ್ಯಾಹ್ನ ಬಟ್ಟೆಗೆ ನೀರು ಸಾಲದೆ ಸರೋಜಮ್ಮ ಗಂಡನ ನಿದ್ದೆ ನೋಡಿಕೊಂಡು ಒಂದೂವರೆಗೆ ಏರಿಸುವರು. "ನಮ್ಮನೇಲಿ ಒಬ್ಬೊಬ್ಬರಿಗೆ ಒಂದೊಂದು ನಂಬರು" ಎಂದು ಅನ್ವಿತಾ ನಕ್ಕಳು. ತಾತ ನಗಲಿಲ್ಲ. ವಾಲ್ವಿನ ಮೇಲಿದ್ದ ಕೆಂಪು ಚಕ್ರವನ್ನೇ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡುಬಿಟ್ಟರು.

"ಇದೇನ್ರೀ ಇದು, ಸಣ್ಣ ಮಕ್ಕಳ ಹಂಗೆ!" ಎಂದರು ಸರೋಜಮ್ಮ.

"ಒಂದು ಲೈನಿಗೆ ಒಬ್ಬನೇ ವಾಲ್ವ್‌ಮನ್ ಇರ್ಬೇಕು ಕಣೇ. ಇಲ್ದಿದ್ರೆ ಲೈನ್ ಹಾಳಾಗುತ್ತೆ."

ಲೈನು ಹೇಗೂ ಹಾಳಾಗುತ್ತಲೇ ಇತ್ತು. ಯಾರೂ ಒಂದು ನಲ್ಲಿಯನ್ನೂ ಮುಟ್ಟದ ಒಂದು ಮಧ್ಯಾಹ್ನ ವಾಷಿಂಗ್ ಮಷೀನಿನ ಪೈಪು ತನ್ನಷ್ಟಕ್ಕೆ ಸಿಡಿಯಿತು. ಮುಕ್ಕಾಲು ಸುತ್ತಿನಲ್ಲಿ ಇದು ಹೇಗೆ ಸಾಧ್ಯ ಎಂದು ದ್ವಾರಕಾನಾಥರಿಗೆ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲ ಎನ್ನುವ ಜಾತಿಯವರೂ ಅವರಲ್ಲ. "ಪೈಪೇ ಕಳಪೆ" ಎಂದರು.

ಅದಾದ ವಾರಕ್ಕೆ ಬಚ್ಚಲಿನಲ್ಲಿ ಗೋಡೆಯ ಪೈಪಿನ ಜಾಯಿಂಟ್ ಒಂದು ತೊಟ್ಟಿಕ್ಕಲು ಶುರುವಾಯಿತು. ಅವತ್ತು ಮಂಗಳವಾರ. ಮಗ ಅಂಗಡಿಗೆ, ಸೊಸೆ ಅಜ್ಜಂಪುರಕ್ಕೆ, ಮೊಮ್ಮಗಳು ಕಾಲೇಜಿಗೆ ಹೋಗಿದ್ದರು. ಬೆಳಗಿನಿಂದ ಊರಿಗೆಲ್ಲ ಕರೆಂಟಿರಲಿಲ್ಲ. ದ್ವಾರಕಾನಾಥರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಬನಿಯನ್ನಿನಲ್ಲೇ ಸ್ಪ್ಯಾನರ್ ಹಿಡಿದು ಬಂದರು. ತೊಟ್ಟಿಕ್ಕುವ ಕಡೆ ಸರೋಜಮ್ಮ ಬೇಸನ್ನು ಹಿಡಿದು ನಿಂತರು.

"ಮೊದ್ಲು ಹೋಗಿ ವಾಲ್ವ್ ಮುಚ್ಚಿ ಬನ್ನಿ."

ಅವರು ಸ್ಪ್ಯಾನರನ್ನು ಪೈಪಿಗೆ ಇಟ್ಟು ಇನ್ನೊಂದು ತುದಿಗೆ ಕಿವಿ ಕೊಟ್ಟರು. ಉಸಿರಿನಷ್ಟೂ ಸದ್ದಿರಲಿಲ್ಲ. "ಬೆಳಗಿಂದ ಕರೆಂಟಿಲ್ಲ, ಪಂಪ್ ಓಡಿಲ್ಲ. ಪೈಪು ಸದ್ದೇ ಮಾಡ್ತಿಲ್ಲ, ತೊಟ್ಟಿಕ್ತಿರೋದು ಒಳಗೆ ಉಳಿದಿರೋ ನೀರು ಅಷ್ಟೆ. ಖಾಲಿ ಪೈಪಿಗೆ ವಾಲ್ವ್ ಯಾಕೆ ಮುಚ್ಚೋದು?"

ಮೂವತ್ತೊಂದು ವರ್ಷ ಅದು ಸರಿಯಾದ ಮಾತೇ ಆಗಿತ್ತು. ಕರೆಂಟಿಲ್ಲದ ದಿನ ನೀರಿಲ್ಲ, ಸದ್ದಿಲ್ಲದ ಪೈಪಿನಲ್ಲಿ ನೀರಿಲ್ಲ. ಆಗ ದಿಣ್ಣೆಯ ಮೇಲೆ ಈ ಟ್ಯಾಂಕು ಇರಲಿಲ್ಲ. ಅವರು ಜಾಯಿಂಟನ್ನು ಮೂರು ಸುತ್ತು ಸಡಿಲಿಸಿದರು. ನಾಲ್ಕನೆಯದಕ್ಕೆ ಅದು ಕೈಯಿಂದ ಕಿತ್ತುಕೊಂಡು ಹಾರಿತು. ನೀರು ನೇರ ಸರೋಜಮ್ಮನ ಮುಖಕ್ಕೆ ಹೊಡೆಯಿತು. ಬೇಸನ್ನು ಬಿತ್ತು, ಅವರು ಹಿಂದಕ್ಕೆ ಜಾರಿ ಬಲಗೈ ಊರಿಕೊಂಡು ಕಲ್ಲಿನ ಮೇಲೆ ಬಿದ್ದರು. "ಅಯ್ಯೋ!" ಎಂದರು.

ದ್ವಾರಕಾನಾಥರು ಓಡಿದರು, ಹೆಂಡತಿಯ ಕಡೆಗಲ್ಲ. ಅವರನ್ನು ದಾಟಿಕೊಂಡು ನಡುಮನೆಗೆ ಓಡಿ, ಗೂಟದ ಅಂಗಿಯ ಜೇಬು ತಡಕಿ, ಚಕ್ರ ತೆಗೆದುಕೊಂಡು ಗೇಟಿಗೆ ಓಡಿ, ಅದನ್ನು ಕೂರಿಸಿ ವಾಲ್ವ್ ಮುಚ್ಚಿದರು. ಪೈಪು ಒಡೆದರೆ ವಾಲ್ವಿಗೆ ಓಡುವುದನ್ನು ಅವರ ಕಾಲು ಕಲಿತಿತ್ತು. ಕಾಲು ಮನಸ್ಸನ್ನು ಕೇಳಲಿಲ್ಲ. ವಾಪಸ್ ಬರುವಷ್ಟರಲ್ಲಿ ಸರೋಜಮ್ಮ ತಾವೇ ಎದ್ದು ಗೋಡೆಗೆ ಒರಗಿ ಕೂತಿದ್ದರು. ತಲೆಯಿಂದ ನೀರಿಳಿಯುತ್ತಿತ್ತು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು.

"ನಿಂತ್ತಾ?" ಎಂದು ಕೇಳಿದರು.

"ಹ್ಞೂಂ" ಎಂದರು ಇವರು. ಆಮೇಲಷ್ಟೇ ಅವರಿಗೆ ತಾವು ಏನು ಮಾಡಿದೆವೆಂದು ತಿಳಿಯಿತು.

ಆಸ್ಪತ್ರೆಗೆ ಹೋಗುವಾಗ ಕಲ್ಲೇಶಪ್ಪನ ಆಟೋದಲ್ಲಿ ಸರೋಜಮ್ಮ ಗಂಡನ ಕಡೆ ತಿರುಗದೆ ಸಣ್ಣ ದನಿಯಲ್ಲಿ ಹೇಳಿದರು. "ನಾನು ಬಚ್ಚಲಲ್ಲಿ ಜಾರಿ ಬಿದ್ದೆ. ಅಷ್ಟೇ. ತಿಳೀತಾ?"

"ಸರೋಜಾ..."

"ತಿಳೀತಾ ಅಂದೆ."

ಮಣಿಕಟ್ಟಿನ ಮೂಳೆ ಮುರಿದಿತ್ತು. ಮೊಣಕೈವರೆಗೆ ಪ್ಲಾಸ್ಟರಿನ ಕಟ್ಟು, ಆರು ವಾರ ನೀರು ಮುಟ್ಟುವಂತಿಲ್ಲ ಎಂದರು ಡಾಕ್ಟರು. ಮನೆಗೆ ಬಂದ ದ್ವಾರಕಾನಾಥರು ಉಳಿದವರು ಬರುವ ಮೊದಲೇ ಜಾಯಿಂಟಿಗೆ ದಾರ ಸುತ್ತಿ ಹೇಗೋ ಬಿಗಿದು, ವಾಲ್ವನ್ನು ಮತ್ತೆ ಮುಕ್ಕಾಲು ಸುತ್ತು ಬಿಟ್ಟರು.

ಸಂಜೆ ಎಲ್ಲರೂ ಸುತ್ತ ಸೇರಿದರು. ಅನ್ವಿತಾ ಅಜ್ಜಿಯ ಕಾಲ ಹತ್ತಿರ ಕೂತು ಕಣ್ಣೀರಿಟ್ಟಳು. ಪ್ರದ್ಯುಮ್ನನಿಗೆ ಗಾಬರಿಯಾದರೆ ಸಿಟ್ಟು ಬರುತ್ತಿತ್ತು. "ದಿನಾ ಓಡಾಡೋ ಬಚ್ಚಲಲ್ಲಿ ಹೆಂಗಮ್ಮ ಬಿದ್ದೆ?"

"ಏನೋ, ಜಾರ್ತು."

ಅವನು ಹೆಂಡತಿಯ ಕಡೆ ತಿರುಗಿದ. "ಬೆಳಿಗ್ಗೆ ಬಟ್ಟೆ ಒಗೆದು ಹೋದೋಳು ನೀನು. ಸೋಪಿನ ನೀರು ಹಂಗೇ ಬಿಟ್ಟು ಬಸ್ಸಿಗೆ ಓಡಿದ್ಯಾ?"

"ಇಲ್ರೀ, ತೊಳೆದೇ ಹೋಗಿದ್ದೆ."

"ತೊಳೆದಿದ್ರೆ ಅಮ್ಮ ಯಾಕೆ ಬೀಳ್ತಿದ್ಲು?"

"ಅವಳದ್ದೇನಿಲ್ಲ ಕಣೋ, ಸುಮ್ನಿರು" ಎಂದರು ಸರೋಜಮ್ಮ. ಆದರೆ ಮತ್ತೆ ಯಾರದ್ದು ಎಂದು ಹೇಳಲಿಲ್ಲ. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ದ್ವಾರಕಾನಾಥರು ಒಂದು ಸಲ ಕೆಮ್ಮಿದರು. ಹೆಂಡತಿ ಅವರನ್ನು ನೋಡಿದರು. ಅವರು ತಲೆ ತಗ್ಗಿಸಿದರು. ಆ ರಾತ್ರಿ ಅವರು ಮಜ್ಜಿಗೆ ಅನ್ನಕ್ಕೆ ಕಾಯದೆ ಎದ್ದುಬಿಟ್ಟರು.

ಮಾರನೆಯ ದಿನದಿಂದ ಹಗಲಿನ ಅಡುಗೆ ಅವರ ಪಾಲಿಗೆ ಬಂತು. ಯಾರೂ ಹೇಳಲಿಲ್ಲ, ತಾವೇ ಹೋಗಿ ಒಲೆಯ ಮುಂದೆ ನಿಂತರು. ಮೊದಲ ದಿನದ ಅನ್ನ ಗಂಜಿಯಾಯಿತು. ಎರಡನೆಯ ದಿನ ತಳ ಹಿಡಿಯಿತು. ಸರೋಜಮ್ಮ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕಟ್ಟಿನ ಕೈಯಿಂದಲೇ ತೋರಿಸುತ್ತಿದ್ದರು.

"ಉಪ್ಪು ಎಷ್ಟು?"

"ನೋಡ್ಕೊಂಡು ಹಾಕಿ."

"ಉಪ್ಪನ್ನ ನೋಡೋದು ಹೆಂಗೆ?"

"ನಲವತ್ತಾರು ವರ್ಷ ತಿಂದಿದ್ದೀರಲ್ಲ, ನಾಲಿಗೇನ ಕೇಳಿ."

ಹುರುಳಿ ಸಾರು ಐದನೆಯ ದಿನಕ್ಕೆ ತಿನ್ನುವ ಹಾಗಾಯಿತು. ಅಕ್ಕಿರೊಟ್ಟಿ ಮಾತ್ರ ಕೊನೆಯವರೆಗೂ ದುಂಡಗಾಗಲಿಲ್ಲ. "ತಾತ, ಇವತ್ತು ಯಾವ ತಾಲ್ಲೂಕು?" ಎಂದು ಅನ್ವಿತಾ ತಟ್ಟೆಯ ರೊಟ್ಟಿಯನ್ನು ತಿರುಗಿಸಿ ನೋಡುವಳು. ಅಡುಗೆಯಾದ ಮೇಲೆ ಹೆಂಡತಿಗೆ ಕಲಸಿ ಕೊಡುವುದು, ಮಾತ್ರೆ ಕೊಡುವುದು, ಸೆರಗಿಗೆ ಪಿನ್ನು ಹಾಕುವುದು. ಜಡೆ ಹಾಕಲು ಕಲಿತರು. ಮೂರು ಕಾಲು ಹೆಣೆಯುವುದು ಬಾರದೆ ಮೊದಲ ವಾರ ಸುಮ್ಮನೆ ಹುರಿ ಹೊಸೆದು ದಾರ ಕಟ್ಟಿದರು. ಸರೋಜಮ್ಮ ಕನ್ನಡಿ ನೋಡಿಕೊಂಡು, "ಎಮ್ಮೆ ಕಟ್ಟೋ ಹಗ್ಗ ಆಯ್ತು" ಎಂದರು. ಆದರೂ ಸಂಜೆಯವರೆಗೆ ಬಿಚ್ಚಲಿಲ್ಲ.

ನೀರಿನ ವಿಷಯಕ್ಕೆ ಮಾತ್ರ ಅವರು ಬಾಯಿ ಹಾಕುವುದನ್ನು ಬಿಟ್ಟರು. ಆ ಕೆಂಪು ಚಕ್ರವನ್ನು ತಂದು ಅಡುಗೆಮನೆಯ ಗೂಡಿನಲ್ಲಿ, ವಿಭಾಳ ಕೈಗೆ ಸಿಗುವ ಕಡೆ ಇಟ್ಟರು. "ನಿಂಗೆ ಬೇಕಾದಷ್ಟು ತಿರುಗಿಸ್ಕೊ ತಾಯಿ. ನನ್ನ ಕೇಳ್ಬೇಡ." ವಿಭಾ ಅದನ್ನು ನೋಡಿದಳು, ಮುಟ್ಟಲಿಲ್ಲ. ಈಗ ಅವಳಿಗೆ ಬೇರೆಯೇ ಚಿಂತೆ ಹತ್ತಿತ್ತು. ನಸುಕಿನಲ್ಲಿ ಎದ್ದು ಬ್ಲೀಚಿಂಗ್ ಪುಡಿ ಹಾಕಿ ಬಚ್ಚಲು ಉಜ್ಜುವಳು. ಬಟ್ಟೆ ಒಗೆದ ಮೇಲೆ ಇನ್ನೊಂದು ಸಲ, ಬಸ್ಸಿಗೆ ಹೊರಟು ಚಪ್ಪಲಿ ಹಾಕಿದವಳು ಮತ್ತೆ ಒಳಗೆ ಬಂದು ಮೂರನೆಯ ಸಲ. ಬಾಗಿಲಿಗೆ ಗೋಣಿತಾಟು, ಒಳಗೆ ರಬ್ಬರ್ ಚಾಪೆ. ಅಷ್ಟಾದರೂ ಅತ್ತೆಯ ಕಟ್ಟು ಕಂಡಾಗಲೆಲ್ಲ ಅವಳ ಮುಖ ಬಾಡುತ್ತಿತ್ತು. ಎರಡು ಸಲ ಬಸ್ಸು ತಪ್ಪಿಸಿಕೊಂಡಳು. ಗಂಡನ ಜೊತೆ ಮಾತು ಸಾರು, ಪಲ್ಯ, ಹಾಲಿನವನನ್ನು ಮೀರುತ್ತಿರಲಿಲ್ಲ.

ಒಂದು ಮಧ್ಯಾಹ್ನ ದ್ವಾರಕಾನಾಥರಿಗೆ ತಡೆಯದಾಯಿತು. "ಆ ಹುಡುಗಿ ಕಲ್ಲು ಸವೆಯೋ ಹಂಗೆ ಉಜ್ಜುತ್ತೆ. ನೋಡೋಕಾಗಲ್ಲ. ಇವತ್ತು ಹೇಳ್ಬಿಡ್ತೀನಿ ಕಣೇ."

"ಬೇಡ."

"ನನ್ನ ಮರ್ಯಾದೆ ಉಳಿಸೋಕೆ ಅವಳ ತಲೆ ಮೇಲೆ..."

"ಬೇಡ ಅಂದ್ನಲ್ಲ" ಎಂದು ಸರೋಜಮ್ಮ ಎದ್ದು ಒಳಗೆ ಹೋದರು. ಅವರು ಯಾವತ್ತೂ ಮಾತಿನ ನಡುವೆ ಎದ್ದು ಹೋದವರಲ್ಲ. ಇವರು ಗಂಟಲಿಗೆ ಬಂದದ್ದನ್ನು ಇನ್ನೊಂದು ವಾರ ನುಂಗಿಕೊಂಡರು.

ಕಟ್ಟು ಹಾಕಿದ ನಾಲ್ಕನೆಯ ಭಾನುವಾರ ಭೈರೇಶ್ ಬಂದ. ವಿಭಾ ಯಾರನ್ನೂ ಕೇಳದೆ ಫೋನು ಮಾಡಿದ್ದಳು. ಮೂವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಬೈಕಿನ ಹಿಂದೆ ಚೀಲ, ಮಾತು ಸ್ವಲ್ಪ ಜಾಸ್ತಿ. ಬಚ್ಚಲಿನ ನಲ್ಲಿಗೆ ಗಡಿಯಾರದಂಥ ಒಂದು ಮೀಟರ್ ಸಿಕ್ಕಿಸಿದ. ಮನೆಯವರೆಲ್ಲ ಬಾಗಿಲಲ್ಲಿ ನಿಂತರು. ದ್ವಾರಕಾನಾಥರು ಎಲ್ಲರ ಹಿಂದೆ ನಿಂತರು.

"ಪ್ರೆಶರ್ ಆರು ಕೆ.ಜಿ. ಇದೆ ಸಾರ್. ಮನೆಗೆ ಎರಡು, ಎರಡೂವರೆ ಸಾಕು. ನಲ್ಲಿ ಹೋಗ್ದೆ ಏನ್ಮಾಡುತ್ತೆ?"

"ವಾಲ್ವ್ ಮುಕ್ಕಾಲು ಸುತ್ತೇ ಬಿಟ್ಟಿರೋದು" ಎಂದರು ದ್ವಾರಕಾನಾಥರು ಹಿಂದಿನಿಂದ. ಇಷ್ಟು ದಿನದಲ್ಲಿ ನೀರಿನ ಬಗ್ಗೆ ಅವರಾಡಿದ ಮೊದಲ ಮಾತು ಅದು.

"ಎಲ್ರೂ ಅದನ್ನೇ ಮಾಡೋದು ಯಜಮಾನ್ರೇ. ಇಲ್ಲಿ ನೋಡಿ." ಭೈರೇಶ್ ಇನ್ನೊಂದು ನಲ್ಲಿ ಬಿಟ್ಟ. ಮೀಟರಿನ ಮುಳ್ಳು ಒಂದಕ್ಕೆ ಇಳಿಯಿತು. "ನೀರು ಹರೀತಿರೋವಾಗ ಕಮ್ಮಿ. ಈಗ ನಿಲ್ಲಿಸ್ತೀನಿ." ನಿಲ್ಲಿಸಿದ. ಮುಳ್ಳು ಮೆಲ್ಲಗೆ ಎರಡು, ಮೂರು, ಐದು ಎಂದು ಹತ್ತಿ ಮತ್ತೆ ಆರಕ್ಕೆ ಬಂದು ನಿಂತಿತು. "ಮುಕ್ಕಾಲು ಸುತ್ತಾಗ್ಲಿ, ಕೂದಲೆಳೆಯಷ್ಟಾಗ್ಲಿ, ನಲ್ಲಿ ಎಲ್ಲಾ ಮುಚ್ಚಿದ್ರೆ ಪೂರ್ತಿ ಪ್ರೆಶರ್ ಒಳಗೆ ಬಂದು ಕೂತ್ಕೊಳ್ಳುತ್ತೆ. ಸದ್ದೇ ಮಾಡಲ್ಲ. ಅದಕ್ಕೇ ಬೇರೆ ವಾಲ್ವ್ ಹಾಕೋದು, ಅದು ನಿಂತ ನೀರನ್ನೂ ತಡೆಯುತ್ತೆ."

ದ್ವಾರಕಾನಾಥರು ಮುಂದೆ ಬಂದು ಮುಳ್ಳನ್ನು ನೋಡಿದರು. ತಾವೇ ನಲ್ಲಿ ಬಿಟ್ಟರು, ನಿಲ್ಲಿಸಿದರು, ಮತ್ತೆ ಬಿಟ್ಟರು, ಮತ್ತೆ ನಿಲ್ಲಿಸಿದರು. ಅವರ ಕಾಲದಲ್ಲಿ ನೀರು ಬಂದಿರುವಾಗ ಈ ಊರಿನಲ್ಲಿ ಯಾರಾದರೂ ನಲ್ಲಿ ನಿಲ್ಲಿಸಿದ್ದುಂಟೇ? ಕೊನೆಯ ತೊಟ್ಟಿನವರೆಗೂ ಹಿಡಿಯುತ್ತಿದ್ದರು. ಮೂವತ್ತೊಂದು ವರ್ಷ ಅವರು ಕಂಡದ್ದೆಲ್ಲ ಓಡುವ ನೀರು.

"ನಿಂತ ನೀರು ನಾನು ನೋಡೇ ಇರ್ಲಿಲ್ಲ" ಎಂದರು ತಮ್ಮಷ್ಟಕ್ಕೆ.

ಭೈರೇಶ್ ಅಷ್ಟರಲ್ಲಿ ಗೋಡೆಯ ಪೈಪಿಗೆ ಕೈಯಾಡಿಸುತ್ತಿದ್ದ. "ಈ ಜಾಯಿಂಟ್ ಯಾರು ಬಿಚ್ಚಿದ್ದು? ಥ್ರೆಡ್ ಎಲ್ಲಾ ಕಿತ್ತೋಗಿದೆ. ಲೈನಲ್ಲಿ ನೀರಿದ್ದಾಗ್ಲೇ ಬಿಚ್ಚಿದ್ದಾರೆ. ಎದುರುಗಡೆ ಯಾರಾದ್ರೂ ನಿಂತಿದ್ರೆ ಕಣ್ಣೇ ಹೋಗಿರೋದು."

ವಿಭಾ ಜಾಯಿಂಟನ್ನು ನೋಡಿದಳು, ಅದರ ಎದುರಿನ ಕಲ್ಲನ್ನು ನೋಡಿದಳು, ಅತ್ತೆಯ ಕಟ್ಟನ್ನು ನೋಡಿದಳು.

"ಮನೆ ಕಟ್ಟಿದಾಗಿನ ಪ್ಲಂಬರ್ ಮಾಡಿದ್ದಿರ್ಬೇಕು" ಎಂದರು ಸರೋಜಮ್ಮ ಬೇಗ ಬೇಗ.

"ಅಲ್ಲ" ಎಂದರು ದ್ವಾರಕಾನಾಥರು. "ನಾನೇ ಬಿಚ್ಚಿದ್ದು. ಪ್ರದ್ಯುಮ್ನ, ನಿಮ್ಮಮ್ಮ ಜಾರ್ಲಿಲ್ಲ ಕಣೋ. ವಾಲ್ವ್ ಮುಚ್ಚಿ ಅಂತ ಅವಳು ಹೇಳಿದ್ಲು, ನಾನು ಕೇಳ್ಲಿಲ್ಲ. ನೀರು ಅವಳ ಮುಖಕ್ಕೆ ಹೊಡೀತು, ಬಿದ್ಲು. ಸೋಪೂ ಇರ್ಲಿಲ್ಲ, ಏನೂ ಇರ್ಲಿಲ್ಲ." ಅಷ್ಟಕ್ಕೆ ನಿಲ್ಲಿಸಿದ್ದರೂ ಸಾಕಾಗಿತ್ತು. ಆದರೆ ಅವರು ನಿಲ್ಲಿಸಲಿಲ್ಲ. "ಅವಳು ಬಿದ್ದಾಗ ನಾನು ಅವಳನ್ನ ಎತ್ಲಿಲ್ಲ. ದಾಟ್ಕೊಂಡು ವಾಲ್ವ್ ಹತ್ರ ಓಡ್ದೆ. ಮೊದ್ಲು ನೀರು ನಿಲ್ಸಿ, ಆಮೇಲೆ ಅವಳ ಹತ್ರ ಬಂದೆ."

ಸರೋಜಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

"ನಿನ್ನ ಮೇಲೆ ಬರೋವಾಗ ಬಾಯಿ ಮುಚ್ಕೊಂಡು ಕೂತಿದ್ದೆ. ತಪ್ಪಾಯ್ತು ಕಣಮ್ಮ ವಿಭಾ."

ವಿಭಾಳ ಕಣ್ಣು ತುಂಬಿತ್ತು. ದನಿ ಮಾತ್ರ ಗಟ್ಟಿಯಾಗಿತ್ತು. "ನಾಲ್ಕು ವಾರ ಮಾವ. ದಿನಾ ಬಸ್ಸಲ್ಲಿ ಕೂತು ಅದನ್ನೇ ನೆನೆಸ್ಕೋತಿದ್ದೆ. ಅವತ್ತು ಎರಡು ಚೊಂಬು ನೀರು ಹಾಕಿ ತೊಳೆದ್ನಾ, ಒಂದೇ ಹಾಕಿದ್ನಾ ಅಂತ. ಒಂದೇ ಇರ್ಬೇಕು ಅಂತ ನಂಗೇ ನಂಬಿಕೆ ಬಂದ್ಬಿಟ್ಟಿತ್ತು." ಆಮೇಲೆ ಗಂಡನ ಕಡೆ ತಿರುಗಿದಳು. "ನೀವೇನಾದ್ರೂ ಹೇಳೋದಿದ್ಯಾ?"

ಪ್ರದ್ಯುಮ್ನ ಬಾಗಿಲಲ್ಲಿದ್ದ ಗೋಣಿತಾಟು, ರಬ್ಬರ್ ಚಾಪೆ, ಬ್ಲೀಚಿಂಗ್ ಡಬ್ಬಿ ಎಲ್ಲವನ್ನೂ ಬಾಚಿಕೊಂಡು ಹಿತ್ತಲಿಗೆ ಹೋದ. ಅವತ್ತು ಇಡೀ ಮನೆಯ ಬಟ್ಟೆ ಒಗೆದವನು ಅವನೇ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ತಟ್ಟೆಗೆ ತಾನೇ ಬಡಿಸಿ, "ಅವತ್ತು ಹಂಗೆ ಅನ್ನಬಾರದಿತ್ತು ನಾನು" ಎಂದ. ವಿಭಾ "ಅನ್ನಬಾರದಿತ್ತು" ಎಂದು ಒಪ್ಪಿಕೊಂಡು ಊಟ ಮಾಡಿದಳು. ಪೂರ್ತಿ ಸರಿಹೋಗಲು ಅವಳಿಗೆ ಇನ್ನೊಂದು ವಾರ ಬೇಕಾಯಿತು, ಅದು ನ್ಯಾಯವೇ.

ಭೈರೇಶ್ ಹೊಸ ವಾಲ್ವ್ ಕೂರಿಸಿದ. ಎಷ್ಟಕ್ಕೆ ಇಡಬೇಕು ಎಂದು ಕೇಳಿದಾಗ ದ್ವಾರಕಾನಾಥರು ಸೊಸೆಯ ಕಡೆ ಕೈ ತೋರಿಸಿದರು. ವಿಭಾ ಎರಡೂಕಾಲು ಎಂದಳು. ಮನೆಯ ಎಲ್ಲ ನಲ್ಲಿಗಳೂ ಅವತ್ತಿನಿಂದ ಮನುಷ್ಯರ ಹಾಗೆ ನಡೆದುಕೊಂಡವು.

ಸರೋಜಮ್ಮ ಮಾತ್ರ ಗಂಡನೊಂದಿಗೆ ಆ ದಿನವೆಲ್ಲ ಮಾತಾಡಲಿಲ್ಲ. ಮರುದಿನ ಮಧ್ಯಾಹ್ನ ಜಗಲಿಯಲ್ಲಿ ಅವರ ಪಕ್ಕ ಕೂತು ದ್ವಾರಕಾನಾಥರು ಅವರೆಕಾಯಿ ಬಿಡಿಸುತ್ತಿದ್ದಾಗ ಸರೋಜಮ್ಮ ತಾವಾಗಿಯೇ ಮಾತು ಶುರುಮಾಡಿದರು.

"ಎಲ್ರ ಮುಂದೆ ಅದನ್ನೂ ಹೇಳ್ಬೇಕಿತ್ತಾ?"

"ಯಾವುದನ್ನ?"

"ವಾಲ್ವ್ ಹತ್ರ ಓಡಿದ್ದನ್ನ."

"ಹೇಳ್ದಿದ್ರೆ ಅರ್ಧ ಸುಳ್ಳು ಹಂಗೇ ಉಳೀತಿತ್ತು. ನೀನು ನನ್ನ ಮಾನ ಕಾಯೋಕೆ ಅಷ್ಟು ದಿನ..."

"ನಿಮ್ಮ ಮಾನ ಅಲ್ರೀ" ಎಂದರು ಸರೋಜಮ್ಮ. "ನಂದು. ನಾನು ಬಿದ್ದಲ್ಲಿಂದ ನಿಮ್ಮ ಕಾಲು ದಾಟ್ಕೊಂಡು ಹೋಗಿದ್ದು ನೋಡ್ದೆ. ಕೈ ನೋವಿಗಿಂತ ಅದು ಜಾಸ್ತಿ ಆಯ್ತು. ನಲವತ್ತಾರು ವರ್ಷ ಬಾಳಿದ ಗಂಡನಿಗೆ ನನಗಿಂತ ನೀರೇ ಮೊದ್ಲು ಅಂತ ಸೊಸೆ, ಮೊಮ್ಮಗಳ ಮುಂದೆ ಹೇಳ್ಕೊಳ್ಳೋಕೆ ನಂಗೆ ನಾಚಿಕೆ ಆಯ್ತು. ಅದಕ್ಕೇ ಜಾರಿದೆ ಅಂದೆ. ವಿಭಾನ ನೋಡಿ ಅಯ್ಯೋ ಅನ್ನಿಸ್ತಿತ್ತು, ಆದ್ರೂ ಬಾಯಿ ಬರ್ಲಿಲ್ಲ. ನಾನೂ ಒಳ್ಳೆಯೋಳೇನಲ್ಲ."

ದ್ವಾರಕಾನಾಥರ ಕೈಯಲ್ಲಿ ಅವರೆಕಾಯಿ ಹಾಗೇ ಉಳಿಯಿತು. ಇಲ್ಲ, ಹಾಗಲ್ಲ ಎನ್ನಬಹುದಿತ್ತು. ಅಭ್ಯಾಸಬಲ ಎನ್ನಬಹುದಿತ್ತು, ಅದು ನಿಜವೂ ಆಗಿತ್ತು. ಆದರೆ ಹೇಳಿದರೆ ಅವಳಿಗೆ ಏನು ಸಿಕ್ಕಂತಾಗುತ್ತದೆ ಎಂದು ಅವರಿಗೆ ತಿಳಿಯಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಹೋಗಲಿಲ್ಲ.

"ಅಳ್ಬೇಡಿ. ಬೀದಿಯೋರು ನೋಡ್ತಾರೆ" ಎಂದು ಸರೋಜಮ್ಮ ಎಡಗೈಯಿಂದ ಒಂದು ಕಾಯಿ ಎತ್ತಿಕೊಂಡು ಹಲ್ಲಿನಿಂದ ಸಿಗಿದರು.

ಆರು ವಾರಕ್ಕೆ ಕಟ್ಟು ಬಿಚ್ಚಿದರು. ಕೈ ಸೊರಗಿ ಬಿಗಿದುಕೊಂಡಿತ್ತು, ತಲೆಯವರೆಗೆ ಏರುತ್ತಿರಲಿಲ್ಲ. ಅದಾದ ಮೊದಲ ಶನಿವಾರ ದ್ವಾರಕಾನಾಥರು ನೀರು ಕಾಯಿಸಿ, ಹೆಂಡತಿಯನ್ನು ಬಚ್ಚಲಿನ ಮಣೆಯ ಮೇಲೆ ಕೂರಿಸಿ ತಲೆಗೆ ಎರೆಯಲು ಕೂತರು. ಸೀಗೆಪುಡಿ ಕಲಸಿ ಹಚ್ಚಿ, ಬೆರಳಿನಿಂದ ಮೆಲ್ಲಗೆ ಉಜ್ಜುತ್ತಿದ್ದರು. ಸರೋಜಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಆಗ ಬೀದಿಯಲ್ಲಿ ಗಲಾಟೆ ಎದ್ದಿತು. ಹೊಸ ಲೈನು ರಸ್ತೆ ಮಧ್ಯೆ ಒಡೆದು ನೀರು ಮನೆಯೆತ್ತರಕ್ಕೆ ಚಿಮ್ಮುತ್ತಿತ್ತು. ಗೇಟು ಬಡಿದ ಸದ್ದು, ಹಿಂದೆಯೇ ಕಲ್ಲೇಶಪ್ಪನ ದನಿ.

"ದ್ವಾರಕಣ್ಣಾ! ಲೈನ್ ಒಡೆದೋಗಿದೆ! ಆಫೀಸಿನ ಹುಡುಗ್ರಿಗೆ ವಾಲ್ವ್ ಎಲ್ಲಿದೆ ಅಂತಾನೇ ಗೊತ್ತಿಲ್ಲ. ನೀನೇ ಬರ್ಬೇಕಂತೆ, ಬಾ ಮಾರಾಯ!"

ಹದಿನಾಲ್ಕು ವರ್ಷದಲ್ಲಿ ಯಾರೂ ಹಾಗೆ ಕರೆದಿರಲಿಲ್ಲ. ಸರೋಜಮ್ಮನ ತಲೆಯ ಮೇಲಿದ್ದ ಬೆರಳುಗಳು ನಿಂತವು. ಅವರಿಗೆ ಅದು ತಿಳಿಯಿತು.

"ಹೋಗಿ" ಎಂದರು ಕಣ್ಣು ಮುಚ್ಚಿಕೊಂಡೇ. "ನಾನು ಹಿಂಗೇ ಕೂತಿರ್ತೀನಿ."

ದ್ವಾರಕಾನಾಥರು ಎದ್ದು ನಿಲ್ಲಲಿಲ್ಲ. ಕೂತಲ್ಲಿಂದಲೇ ಗಂಟಲೆತ್ತಿ ಕೂಗಿದರು. "ಅನ್ವಿತಾ! ಹೋಗಿ ಅವರಿಗೆ ಹೇಳು. ಹಳೇ ಕಾಗದದಂಗಡಿ ಮುಂದೆ ಚಪ್ಪಡಿ ಎತ್ತಿದ್ರೆ ಗುಂಡಿ ಸಿಗುತ್ತೆ, ಹೊಸ ಲೈನನ್ನೂ ಆ ಹಳೇ ವಾಲ್ವಿಗೇ ಸೇರ್ಸಿದ್ದಾರೆ, ಅದರೊಳಗೇ ಇದೆ. ಬಲಕ್ಕೆ ತಿರುಗಿಸ್ಬೇಕು, ಅವಸರ ಮಾಡದೆ ಮೆಲ್ಲಗೆ."

"ತಾತ ಬರಲ್ವಾ ಅಂತ ಕೇಳ್ತಿದ್ದಾರೆ" ಎಂದಳು ಅನ್ವಿತಾ ಬಾಗಿಲ ಆಚೆಯಿಂದ.

"ನಿಮ್ಮಜ್ಜಿ ತಲೇಲಿ ಸೀಗೆಪುಡಿ ಇದೆ, ಈಗ ಬರೋಕಾಗಲ್ಲ ಅನ್ನು."

ಸರೋಜಮ್ಮ ತಲೆಯನ್ನು ಇನ್ನಷ್ಟು ಬಗ್ಗಿಸಿದರು. ದ್ವಾರಕಾನಾಥರು ಚೊಂಬಿನ ನೀರನ್ನು ಮೊದಲು ತಮ್ಮ ಕೈಮೇಲೆ ಹೊಯ್ದು ಬಿಸಿ ನೋಡಿ, ಆಮೇಲೆ ಅವರ ನೆತ್ತಿಗೆ ಸಣ್ಣಗೆ ಸುರಿದರು.